ಗೆದ್ದೆವು, ಸೋತರು

ಯಾವ ತಂಡದ ಕಡೆಯವರು ಎಂಬುದನ್ನು ಕನ್ನಡದಲ್ಲಿ ಬಚ್ಚಿಟ್ಟುಕೊಳ್ಳುವುದು ಸುಲಭವಲ್ಲ. ನಾವು, ಅವರು ಎಂಬ ಸರ್ವನಾಮಗಳನ್ನು ಎಷ್ಟೇ ಜಾಣತನದಿಂದ ನುಂಗಿಕೊಂಡರೂ ಕ್ರಿಯಾಪದದ ಬಾಲ ಚಾಡಿ ಹೇಳಿಬಿಡುತ್ತದೆ. ಪಂದ್ಯ ಏನಾಯಿತೆಂದು ಕೇಳಿದಾಗ ಒಬ್ಬ "ಗೆದ್ದೆವು" ಎನ್ನುತ್ತಾನೆ. ಮುಂದಿನ ವಾರ ಫಲಿತಾಂಶ ತಿರುಗುಮುರುಗಾದರೆ ಅದೇ ಮನುಷ್ಯ ಅದೇ ತಂಡದ ಬಗ್ಗೆ "ಸೋತರು" ಎನ್ನುತ್ತಾನೆ. ಏಳು ದಿನಗಳೊಳಗೆ ಆತ ತಂಡವನ್ನು ಬಿಟ್ಟು ಹೊರಗೆ ನಡೆದಿದ್ದಾನೆ, ಅದೂ ತನಗೇ ತಿಳಿಯದಂತೆ, ಒಂದು ಪ್ರತ್ಯಯದ ಸಂದಿಯಲ್ಲಿ ನುಸುಳಿಕೊಂಡು.

ಇದನ್ನು ಕಂಡವನು ನಾನೊಬ್ಬನೇ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. ಏಳು ವಿಶ್ವವಿದ್ಯಾಲಯಗಳಲ್ಲಿ, ಫುಟ್‌ಬಾಲ್ ಪಂದ್ಯ ಮುಗಿದ ವಾರಾಂತ್ಯದ ನಂತರದ ಸೋಮವಾರಗಳಂದು, ತರಗತಿಗೆ ಬಂದ ವಿದ್ಯಾರ್ಥಿಗಳು ಏನು ತೊಟ್ಟಿದ್ದಾರೆಂದು ಅವರು ಎಣಿಸಿದರು. ತಂಡ ಗೆದ್ದಿದ್ದರೆ ವಿಶ್ವವಿದ್ಯಾಲಯದ ಹೆಸರು ಅಥವಾ ಲಾಂಛನವಿರುವ ಅಂಗಿಗಳ ಪ್ರಮಾಣ ಹೆಚ್ಚಾಗಿರುತ್ತಿತ್ತು. ಅದೇ ಅಧ್ಯಯನದ ಇನ್ನೊಂದು ಭಾಗ ನನಗೆ ಇನ್ನೂ ಹೆಚ್ಚು ಹಿಡಿಸಿತು. ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ಮೊದಲು ಒಂದು ಸಣ್ಣ ಪ್ರಶ್ನಾವಳಿ ಕೇಳಿ, ನೀವು ಚೆನ್ನಾಗಿ ಉತ್ತರಿಸಿದಿರಿ ಎಂದು ಕೆಲವರಿಗೂ, ಚೆನ್ನಾಗಿ ಉತ್ತರಿಸಲಿಲ್ಲ ಎಂದು ಇನ್ನು ಕೆಲವರಿಗೂ ಹೇಳಿ, ಆಮೇಲೆ ತಮ್ಮ ತಂಡದ ಪಂದ್ಯವೊಂದನ್ನು ವಿವರಿಸಲು ಕೇಳಲಾಯಿತು. ಗೆದ್ದ ಪಂದ್ಯಕ್ಕೆ "ನಾವು", ಸೋತ ಪಂದ್ಯಕ್ಕೆ "ಅವರು" ಎಂಬ ವ್ಯತ್ಯಾಸ ಎದ್ದು ಕಂಡದ್ದು ತಮ್ಮ ಉತ್ತರಗಳು ಚೆನ್ನಾಗಿರಲಿಲ್ಲವೆಂದು ಕೇಳಿಸಿಕೊಂಡವರಲ್ಲೇ. ತನ್ನ ಅಂಗಿ ಹರಿದಾಗ ಪಕ್ಕದವನ ಶಾಲಿನೊಳಗೆ ಸೇರಿಕೊಳ್ಳುವ ಆಸೆ ಹೆಚ್ಚುತ್ತದೆ ಎಂದಾಯಿತು. ಗೆದ್ದೆತ್ತಿನ ಬಾಲ ಹಿಡಿಯುವುದು ಎಂದು ನಮ್ಮ ಹಿರಿಯರು ಯಾವ ಎಣಿಕೆಯನ್ನೂ ಮಾಡದೆ ಹೇಳಿದ್ದರು. ಆ ಬಾಲ ಹಿಡಿಯುವವನ ಒಳಗಿನ ಬಡತನವನ್ನೂ ತೋರಿಸಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ ಎಂದು ನನಗನಿಸುತ್ತದೆ.

ನಾನು ಹಿಡಿದ ಬಾಲವಾದರೋ ಎತ್ತು ಗೆಲ್ಲುವುದನ್ನು ನಿಲ್ಲಿಸಿದ ಮೇಲೆ ಕೈಗೆ ಸಿಕ್ಕದ್ದು. ಅದು ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡ. ಆ ದ್ವೀಪಗಳಿಗೂ ನನಗೂ ಯಾವ ನಂಟೂ ಇಲ್ಲ. ಹಲವು ದೇಶಗಳು ಸೇರಿ ಒಂದೇ ಹೆಸರಿನಲ್ಲಿ ಆಡುವ ಆ ತಂಡಕ್ಕೆ ತನ್ನದೇ ಆದ ಒಂದು ದೇಶವೂ ಇಲ್ಲ ಎಂಬುದು ನನಗೆ ಗೊತ್ತಾದದ್ದೇ ಎಷ್ಟೋ ಕಾಲದ ನಂತರ. 1975 ಮತ್ತು 1979ರ ವಿಶ್ವಕಪ್‌ಗಳನ್ನು ಗೆದ್ದ, 1980ರಿಂದ 1995ರವರೆಗೆ ಒಂದೇ ಒಂದು ಟೆಸ್ಟ್ ಸರಣಿಯನ್ನೂ ಸೋಲದಿದ್ದ ತಂಡವನ್ನು ನಾನು ನೋಡಲೇ ಇಲ್ಲ. ಆ ಹದಿನೈದು ವರ್ಷಗಳ ಆಳ್ವಿಕೆಯನ್ನು ಆಸ್ಟ್ರೇಲಿಯಾ 1995ರಲ್ಲಿ ಕಿಂಗ್‌ಸ್ಟನ್‌ನ ಸಬೀನಾ ಪಾರ್ಕಿನಲ್ಲಿ ಮುಗಿಸಿತು. ನಾನು ಆ ತಂಡದವನಾದದ್ದು ಅದರ ಮರುವರ್ಷ, ಒಂದು ಸೋಲನ್ನು ನೋಡಿ.

1996ರ ವಿಶ್ವಕಪ್ಪಿನ ಸೆಮಿಫೈನಲ್, ಮಾರ್ಚ್ 14, ಮೊಹಾಲಿ. ಎರಡು ವಾರಗಳ ಹಿಂದಷ್ಟೇ ಕೀನ್ಯಾದೆದುರು 93 ರನ್ನಿಗೆ ಉದುರಿ ಜಗತ್ತಿನ ನಗೆಪಾಟಲಿಗೆ ಈಡಾಗಿದ್ದ ತಂಡವದು. ಆ ಸಂಜೆ ಆಸ್ಟ್ರೇಲಿಯಾದ 207ರ ಬೆನ್ನು ಹತ್ತಿ ಎರಡೇ ವಿಕೆಟ್ ಕಳೆದುಕೊಂಡು 165 ತಲುಪಿತ್ತು. ಅಲ್ಲಿಂದ ಮುಂದಿನ ಎಂಟು ವಿಕೆಟ್‌ಗಳು 37 ರನ್‌ಗಳೊಳಗೆ ಹೋದವು. ಕೊನೆಯ ಓವರಿಗೆ ಹತ್ತು ರನ್ ಬೇಕಿತ್ತು. ನಾಯಕ ರಿಚೀ ರಿಚರ್ಡ್ಸನ್ ಮೊದಲ ಎಸೆತವನ್ನೇ ಬೌಂಡರಿಗೆ ಕಳಿಸಿದ. ಮರು ಎಸೆತಕ್ಕೆ ಇಲ್ಲದ ರನ್ನಿಗೆ ಓಡಿ ಆಂಬ್ರೋಸ್ ರನ್ ಔಟಾದ. ಕಟ್ಟಕಡೆಯವನಾಗಿ ಬಂದ ವಾಲ್ಷ್ ತಾನು ಎದುರಿಸಿದ ಮೊದಲ ಎಸೆತಕ್ಕೇ ಕೈಬೀಸಿ ಬೌಲ್ಡ್ ಆದ. ಐದು ರನ್‌ಗಳ ಸೋಲು. ಕ್ಯಾಮೆರಾ ಸಂಭ್ರಮಿಸುತ್ತಿದ್ದವರ ಕಡೆಗೆ ತಿರುಗಿತು. ನನ್ನ ಕಣ್ಣು ಮಾತ್ರ ಬೌಲರ್ ತುದಿಯಲ್ಲಿ 49 ರನ್‌ಗಳೊಂದಿಗೆ ಔಟಾಗದೆ ನಿಂತಿದ್ದ ರಿಚರ್ಡ್ಸನ್ ಮೇಲೆಯೇ ಇತ್ತು. ಎಲ್ಲ ಮುಗಿದ ಮೇಲೂ ಔಟಾಗದವನಾಗಿ ಉಳಿಯುವುದೆಂದರೇನು ಎಂದು ಹದಿಮೂರು ವರ್ಷದ ಹುಡುಗನಿಗೆ ಅರ್ಥವಾಗಿರಲಾರದು. ಆದರೆ ಆ ಮನುಷ್ಯನನ್ನು ಅಲ್ಲಿ ಒಬ್ಬನನ್ನೇ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಆ ಬೇಸಿಗೆಯಲ್ಲೇ ಒಂದು ಗೆರೆ ಹಾಕಿದ ಉದ್ದನೆಯ ನೋಟ್‌ಬುಕ್ ತಂದು, ಪತ್ರಿಕೆಗಳಲ್ಲಿ ಬರುವ ವೆಸ್ಟ್ ಇಂಡೀಸ್ ಪಂದ್ಯಗಳ ಸ್ಕೋರ್‌ಕಾರ್ಡುಗಳನ್ನು ಕೈಯಾರೆ ನಕಲಿಸತೊಡಗಿದೆ. ಗೆದ್ದರೆ ನೀಲಿ ಶಾಯಿ, ಸೋತರೆ ಕಪ್ಪು. ಕಪ್ಪು ಶಾಯಿಯ ಬಾಟಲಿ ಬೇಗ ಬೇಗ ಖಾಲಿಯಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಆ ಪುಟಗಳ ನಡುವೆ 1999ರ ಬ್ರಿಜ್‌ಟೌನ್ ಟೆಸ್ಟ್ ಇದೆ. ಅದೇ ಸರಣಿಯ ಮೊದಲ ಟೆಸ್ಟ್‌ನಲ್ಲಿ 51ಕ್ಕೆ ಆಲೌಟಾಗಿದ್ದ ತಂಡ 308ರ ಗುರಿಯನ್ನು ಒಂದೇ ವಿಕೆಟ್ ಉಳಿಸಿಕೊಂಡು ತಲುಪಿತ್ತು, ಬ್ರಯನ್ ಲಾರಾ ಔಟಾಗದೆ 153 ಹೊಡೆದಿದ್ದ, ಎದುರು ತುದಿಯಲ್ಲಿ ಅದೇ ವಾಲ್ಷ್ ನಿಂತಿದ್ದ. ಆ ಪುಟದಲ್ಲಿ ನೀಲಿ ಶಾಯಿಯ ಗೆರೆಗಳು ಕಾಗದವನ್ನು ಹರಿಯುವಷ್ಟು ಒತ್ತಿ ಬಿದ್ದಿವೆ.

ನೋಟ್‌ಬುಕ್ 2000ದ ಇಂಗ್ಲೆಂಡ್ ಪ್ರವಾಸದಲ್ಲಿ ನಿಂತುಹೋಗುತ್ತದೆ. ಲಾರ್ಡ್ಸ್‌ನಲ್ಲಿ ಎರಡನೆಯ ಇನಿಂಗ್ಸಿಗೆ 54, ಹೆಡಿಂಗ್ಲಿಯಲ್ಲಿ ಎರಡೇ ದಿನಗಳಲ್ಲಿ ಮುಗಿದ ಟೆಸ್ಟ್‌ನ ಎರಡನೆಯ ಇನಿಂಗ್ಸಿಗೆ 61. ಅದಾದ ಮೇಲೆ ಪುಟಗಳು ಖಾಲಿ. ಆಸ್ಟ್ರೇಲಿಯಾದಲ್ಲಿ ಆಡಿದ ಐದಕ್ಕೆ ಐದನ್ನೂ ಸೋತ ಸರಣಿ ಅದರಲ್ಲಿಲ್ಲ. ತಂಡವನ್ನು ಬಿಡುವುದೆಂದರೆ ಯಾರಿಗೂ ರಾಜೀನಾಮೆ ಪತ್ರ ಕೊಡಬೇಕಾಗಿಲ್ಲ. ಸುಮ್ಮನೆ ಒಂದು ದಿನ ಸ್ಕೋರು ನೋಡುವುದಿಲ್ಲ, ಮರುದಿನವೂ ನೋಡುವುದಿಲ್ಲ, ಮೂರನೆಯ ದಿನ ನೋಡದಿದ್ದುದು ನೆನಪಿಗೂ ಬರುವುದಿಲ್ಲ. ಸ್ನೇಹಿತರೊಬ್ಬರು ಕೆಣಕಲೆಂದು ಕೇಳಿದಾಗ "ಅವರದ್ದೆಲ್ಲ ಮುಗಿಯಿತು ಬಿಡಿ" ಎಂದದ್ದು ನನಗೆ ಇನ್ನೂ ನೆನಪಿದೆ. ಚಾಲ್ಡೀನಿಯವರು ಫೋನ್ ಮಾಡಿದ್ದರೆ ನನ್ನ ಹೆಸರನ್ನು ಯಾವ ಪಟ್ಟಿಗೆ ಸೇರಿಸುತ್ತಿದ್ದರೆಂದು ಹೇಳಬೇಕಾಗಿಲ್ಲ.

ಶಿಕ್ಷೆ 2003ರ ಮೇ ತಿಂಗಳಲ್ಲಿ ಬಂತು. ಸರಣಿಯಲ್ಲಿ 3-0 ಹಿಂದಿದ್ದ ವೆಸ್ಟ್ ಇಂಡೀಸ್, ಆಂಟಿಗುವಾದ ಸೇಂಟ್ ಜಾನ್ಸ್‌ನಲ್ಲಿ, ಅಂದಿನ ಅಜೇಯ ಆಸ್ಟ್ರೇಲಿಯಾದೆದುರು ನಾಲ್ಕನೆಯ ಇನಿಂಗ್ಸಿನಲ್ಲಿ 418 ರನ್ ಹೊಡೆದು ಗೆದ್ದಿತು. ಟೆಸ್ಟ್ ಇತಿಹಾಸದಲ್ಲಿ ಅಷ್ಟು ದೊಡ್ಡ ಗುರಿಯನ್ನು ಯಾರೂ ತಲುಪಿರಲಿಲ್ಲ, ಇಂದಿಗೂ ತಲುಪಿಲ್ಲ. ಸರವಣ್ 105, ಚಂದ್ರಪಾಲ್ 104. ನಾನು ಅದರ ಒಂದೇ ಒಂದು ಎಸೆತವನ್ನೂ ನೋಡಿರಲಿಲ್ಲ, ಸರಣಿ ನಡೆಯುತ್ತಿದೆ ಎಂಬುದೂ ಸರಿಯಾಗಿ ತಿಳಿದಿರಲಿಲ್ಲ. ಪತ್ರಿಕೆಯಲ್ಲಿ ಓದಿದಾಗ ಸಂತೋಷಪಡಲು ಹೋಗಿ ತಡೆದುಕೊಂಡೆ. ಮೂರು ವರ್ಷ ಮನೆಯತ್ತ ಸುಳಿಯದೆ, ಮಗುವಿನ ನಾಮಕರಣಕ್ಕೆ ಮಾತ್ರ ಸರಿಯಾದ ಹೊತ್ತಿಗೆ ಬಂದು ಪಂಕ್ತಿಯಲ್ಲಿ ಕೂತ ನೆಂಟನ ಸ್ಥಿತಿ ನನ್ನದಾಗಿತ್ತು. ಆ ಸ್ಕೋರ್‌ಕಾರ್ಡನ್ನೂ ಬರೆದಿಟ್ಟೆ, ಆದರೆ ಶಾಯಿಯಲ್ಲಿ ಬರೆಯುವ ಧೈರ್ಯವಾಗದೆ ಪೆನ್ಸಿಲಿನಲ್ಲಿ ಬರೆದೆ.

ಆಮೇಲೆ ಬಿಡಲಿಲ್ಲ. ಬಿಡದಿರುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ತಾಳಿದವನು ಬಾಳಿಯಾನು ಎಂಬ ಲೆಕ್ಕದಲ್ಲಿ ಕಾಯುವವರು ಎಲ್ಲ ತಂಡಗಳಿಗೂ ಇರುತ್ತಾರೆ. ಇಷ್ಟು ವರ್ಷ ಸೋತಿದ್ದೇವೆ, ಇನ್ನು ಗೆಲ್ಲುವ ಸರದಿ ನಮ್ಮದು ಎಂದು ಅವರು ನಂಬುತ್ತಾರೆ. ಸೋಲು ಠೇವಣಿಯಲ್ಲ, ಬಡ್ಡಿ ಸೇರಿ ವಾಪಸು ಬರುವುದಿಲ್ಲ. ಶಿಕಾಗೋ ಕಬ್ಸ್ ಬೇಸ್‌ಬಾಲ್ ತಂಡ 1908ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯನ್ನು ಗೆದ್ದ ಮೇಲೆ ಮತ್ತೆ ಗೆಲ್ಲಲು 2016ರವರೆಗೆ, ಅಂದರೆ 108 ವರ್ಷ, ಬೇಕಾಯಿತು. ಈ ಅವಧಿಯಲ್ಲಿ ಹುಟ್ಟಿ, ಇಡೀ ಆಯುಷ್ಯ ಬೆಂಬಲಿಸಿ, ಒಮ್ಮೆಯೂ ಗೆಲುವು ಕಾಣದೆ ಸತ್ತವರ ಲೆಕ್ಕ ಯಾರ ಬಳಿಯೂ ಇರಲಾರದು. ಆ ವರ್ಷ ಜನ ರಿಗ್ಲಿ ಫೀಲ್ಡ್ ಮೈದಾನದ ಹೊರಗೋಡೆಯ ಇಟ್ಟಿಗೆಗಳ ಮೇಲೆ ಬಣ್ಣದ ಸೀಮೆಸುಣ್ಣದಿಂದ ಹೆಸರು ಬರೆದರು. ತಂದೆಯ ಹೆಸರು, ಅಜ್ಜಿಯ ಹೆಸರು, ತೀರಿಹೋದ ಗೆಳೆಯನ ಹೆಸರು. ಕೈಗೆಟಕುವ ಜಾಗ ಮುಗಿದ ಮೇಲೆ ಇನ್ನೊಬ್ಬರ ಹೆಗಲೇರಿ ಬರೆದರು. ಒಬ್ಬ ಮಗನಂತೂ ರಾಜ್ಯದಿಂದ ರಾಜ್ಯಕ್ಕೆ ಕಾರು ಓಡಿಸಿಕೊಂಡು ಹೋಗಿ, ತಂದೆಯ ಸಮಾಧಿಯ ಪಕ್ಕ ಕೂತು ಆ ಸರಣಿಯ ನಿರ್ಣಾಯಕ ಏಳನೆಯ ಪಂದ್ಯದ ವೀಕ್ಷಕವಿವರಣೆ ಕೇಳಿದ. ಮಳೆಯಿಂದ ಹದಿನೇಳು ನಿಮಿಷ ನಿಂತು, ಹತ್ತನೆಯ ಇನಿಂಗ್ಸಿಗೆ ಹೋಗಿ, 8-7ರಲ್ಲಿ ಮುಗಿದ ಪಂದ್ಯವದು. ಅಂದು ಆ ಗೋಡೆಯ ಮೇಲಿದ್ದ ಹೆಸರುಗಳಲ್ಲಿ ಆಡಿದವರದು ಎಷ್ಟಿದ್ದೀತು? ಕಂಡದ್ದೆಲ್ಲ ನೋಡಿದವರ ಹೆಸರು.

ಅಲ್ಲಿಗೆ ನನಗೆ ಬಹುಕಾಲ ಕಾಡಿದ ಪ್ರಶ್ನೆ ಬರುತ್ತದೆ. ತಂಡ ಅಂದರೆ ಯಾವುದು? 1996ರಲ್ಲಿ ನಾನು ಯಾರನ್ನು ಬಿಟ್ಟು ಏಳಲಾರದೆ ಕುಳಿತಿದ್ದೆನೋ ಅವರಲ್ಲಿ ಒಬ್ಬರೂ ಈಗ ಆಡುತ್ತಿಲ್ಲ. ಆಟಗಾರರು ಬದಲಾಗುತ್ತಾರೆ, ಕೋಚ್ ಬದಲಾಗುತ್ತಾನೆ. ಕ್ಲಬ್ಬುಗಳಲ್ಲಾದರೆ ಮಾಲೀಕ, ಜೆರ್ಸಿಯ ಬಣ್ಣ, ಕೆಲವೊಮ್ಮೆ ಊರು ಕೂಡ. ಹಿಡಿಯೂ ಅಲಗೂ ಬದಲಾದ ಮೇಲೆ ಅದೇ ಕೊಡಲಿ ಎಂದು ಹೇಳುವ ಧೈರ್ಯ ಎಲ್ಲಿಂದ ಬರುತ್ತದೆ?

ಇದಕ್ಕೆ ವಾದದಿಂದಲ್ಲದೆ ಕೃತಿಯಿಂದಲೇ ಉತ್ತರ ಕೊಟ್ಟವರು ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬಿನ ಬೆಂಬಲಿಗರು. 1988ರಲ್ಲಿ ಲಿವರ್‌ಪೂಲನ್ನು 1-0ರಿಂದ ಸೋಲಿಸಿ ಎಫ್‌ಎ ಕಪ್ ಎತ್ತಿದ್ದ ಕ್ಲಬ್ಬದು. ಅದನ್ನು ಮಿಲ್ಟನ್ ಕೀನ್ಸ್ ಎಂಬ ಬೇರೆಯೇ ಊರಿಗೆ ಒಯ್ಯಲು ಮಾಲೀಕರು ಹೊರಟರು, 2002ರ ಮೇನಲ್ಲಿ ಮೂವರ ಆಯೋಗವೊಂದು ಒಪ್ಪಿಗೆಯನ್ನೂ ಕೊಟ್ಟಿತು. ಕಾನೂನಿನ ಪ್ರಕಾರ ಕ್ಲಬ್ ಹೋಯಿತು, ಆಟಗಾರರ ಒಪ್ಪಂದಗಳು ಹೋದವು, ಲೀಗಿನಲ್ಲಿದ್ದ ಸ್ಥಾನವೂ ಹೋಯಿತು. ಉಳಿದವರು ಬೆಂಬಲಿಗರು ಮಾತ್ರ. ಅವರು ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿ, ಸಾರ್ವಜನಿಕ ಬಯಲೊಂದರಲ್ಲಿ ಆಟಗಾರರ ಆಯ್ಕೆ ನಡೆಸಿ, ಇಂಗ್ಲಿಷ್ ಫುಟ್‌ಬಾಲಿನ ಒಂಬತ್ತನೆಯ ಮೆಟ್ಟಿಲಿನಿಂದ ಶುರುಮಾಡಿದರು. ಒಂಬತ್ತು ಸೀಸನ್‌ಗಳಲ್ಲಿ ಐದು ಬಾರಿ ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗಿಗೆ ಮರಳಿದರು. 2020ರ ನವೆಂಬರಿನಲ್ಲಿ, ಹಳೆಯ ಮೈದಾನದ ಹತ್ತಿರದಲ್ಲೇ ಕಟ್ಟಿದ, ಪ್ಲೋ ಲೇನ್ ಎಂಬ ಹಳೆಯ ಹೆಸರನ್ನೇ ಹೊತ್ತ ಕ್ರೀಡಾಂಗಣಕ್ಕೆ ಹಿಂತಿರುಗಿದರು. ಇದರ ನಡುವೆ, 2007ರಲ್ಲಿ, ಮಿಲ್ಟನ್ ಕೀನ್ಸ್‌ಗೆ ಹೋದ ಕ್ಲಬ್ 1988ರ ಕಪ್ಪಿನ ಇತಿಹಾಸದ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಕಾಗದಪತ್ರಗಳೆಲ್ಲ ತನ್ನ ಬಳಿಯೇ ಇದ್ದರೂ ಆ ಗೆಲುವನ್ನು ನೆನಪಿಟ್ಟುಕೊಂಡವರು ಬೇರೆಡೆ ಇದ್ದರು ಎಂಬುದನ್ನು ಅದು ಒಪ್ಪಿಕೊಂಡಂತಾಯಿತು. ಆಡುವವರು ತಂಡದ ಅತಿಥಿಗಳು, ನೆನಪಿಟ್ಟುಕೊಳ್ಳುವವರೇ ಅದರ ಖಾಯಂ ನಿವಾಸಿಗಳು ಎಂದು ನಾನು ಗಟ್ಟಿಯಾಗಿ ಹೇಳುವುದಕ್ಕೆ ಈ ಕತೆಯೇ ಆಧಾರ.

ಹಾಗೆಂದು ನಿಷ್ಠೆ ಎಂದರೆ ಬಾಯಿ ಮುಚ್ಚಿಕೊಂಡು ಕೂರುವುದಲ್ಲ. ಹೇಗೆ ಆಡಿದರೂ ಬಂದೇ ಬರುತ್ತಾರೆ ಎಂಬ ಭರವಸೆ ಎಷ್ಟೋ ಕೆಟ್ಟ ಆಡಳಿತಗಳನ್ನು ಸಾಕಿದೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ 2017ರ ಸೀಸನ್ನಿನಲ್ಲಿ ಆಡಿದ ಹದಿನಾರೂ ಪಂದ್ಯಗಳನ್ನು ಸೋತಾಗ ಅದರ ಅಭಿಮಾನಿಗಳು ಕೊರೆಯುವ ಚಳಿಯಲ್ಲಿ ಮೆರವಣಿಗೆ ತೆಗೆದರು. ಎಲ್ಲ ಪಂದ್ಯಗಳನ್ನೂ ಗೆದ್ದವರಂತೆ ಎಲ್ಲ ಪಂದ್ಯಗಳನ್ನೂ ಸೋತವರದೂ ಪರಿಪೂರ್ಣ ಸೀಸನ್ನೇ ಎಂದು ಕುಹಕವಾಡುತ್ತ, ಸೊನ್ನೆಯ ಆಕಾರ ಮೂಡುವಂತೆ ಕ್ರೀಡಾಂಗಣಕ್ಕೆ ಪ್ರದಕ್ಷಿಣೆ ಹಾಕಿದರು. ಆ ಮೆರವಣಿಗೆಯಲ್ಲಿ ಪ್ರೀತಿ ಎಷ್ಟು, ಸಿಟ್ಟು ಎಷ್ಟು ಎಂದು ಬೇರ್ಪಡಿಸಲಾಗದು, ಬೇರ್ಪಡಿಸುವ ಅಗತ್ಯವೂ ನನಗೆ ಕಾಣುವುದಿಲ್ಲ. 2021ರ ಏಪ್ರಿಲಿನಲ್ಲಿ ಯೂರೋಪಿನ ಹನ್ನೆರಡು ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ತಮ್ಮದೇ ಪ್ರತ್ಯೇಕ ಸೂಪರ್ ಲೀಗ್ ಘೋಷಿಸಿದಾಗ ಅದನ್ನು ವಿರೋಧಿಸಿ ಮೊದಲು ಬೀದಿಗೆ ಬಂದವರಲ್ಲಿ ಆ ಕ್ಲಬ್ಬುಗಳ ಸ್ವಂತ ಬೆಂಬಲಿಗರೇ ಇದ್ದರು. ಎರಡು ದಿನ ಕಳೆಯುವಷ್ಟರಲ್ಲಿ ಆರು ಇಂಗ್ಲಿಷ್ ಕ್ಲಬ್ಬುಗಳು ಹಿಂದೆ ಸರಿದವು. ಗೆದ್ದಾಗ ಬಂದು ಸೋತಾಗ ಹೋಗುವವನಿಗೆ ಹೀಗೆ ಜಗಳವಾಡುವ ಹಕ್ಕು ಎಲ್ಲಿದೆ, ಅವನು ಬಾಗಿಲಲ್ಲೇ ನಿಂತಿರುವವನು.

ಕನ್ನಡದಲ್ಲಿ ಈ ವಿಷಯ ಬರೆಯುತ್ತ ಆರ್‌ಸಿಬಿಯನ್ನು ಹೆಸರಿಸದಿದ್ದರೆ ಓದುಗರು ನನ್ನನ್ನು ಮನ್ನಿಸಲಾರರು. 2009, 2011 ಮತ್ತು 2016ರಲ್ಲಿ ಫೈನಲಿನಲ್ಲಿ ಸೋತ, 2017ರಲ್ಲಿ 49 ರನ್ನಿಗೆ ಆಲೌಟಾದ ಆ ತಂಡದ ಬೆಂಬಲಿಗರು ಪ್ರತಿ ವರ್ಷ ಹೇಳಿದ್ದು "ಈ ಸಲ ಕಪ್ ನಮ್ದೇ". ಬೇರೆಯವರಿಗೆ ಅದು ನಗೆಯ ಸರಕಾಗಿತ್ತು, ಕೊನೆಗೆ ಹೇಳುವವರೂ ನಗುತ್ತಲೇ ಹೇಳುವಂತಾಗಿತ್ತು. ಆ ವಾಕ್ಯದಲ್ಲಿ ನನ್ನ ಗಮನ ಕಪ್ಪಿನ ಮೇಲಿಲ್ಲ, "ನಮ್ದೇ" ಎಂಬುದರ ಮೇಲಿದೆ. ಸೋತ ವರ್ಷಗಳಲ್ಲೂ ಅದು "ಅವರದೇ" ಆಗಲಿಲ್ಲ. ಹದಿನೆಂಟನೆಯ ಸೀಸನ್ನಿನಲ್ಲಿ, 2025ರ ಜೂನ್ 3ರಂದು, ಆರು ರನ್‌ಗಳಿಂದ ಫೈನಲ್ ಗೆದ್ದಾಗ ಅದು ನಿಜವಾಯಿತು. ಮರುದಿನದ ಸಂಭ್ರಮಾಚರಣೆಯ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ತಂಡವನ್ನು ನಮ್ಮದು ಎಂದುಕೊಂಡು ಬಂದವರ ಜೀವ ಕಾಯುವುದು ಯಾರ ಹೊಣೆ ಎಂಬ ಪ್ರಶ್ನೆ ಆ ಕಪ್ಪಿನ ಜೊತೆಗೇ ಉಳಿದುಕೊಂಡಿದೆ, ಉಳಿಯಬೇಕು ಕೂಡ.

ನನ್ನ ತಂಡದ ಕತೆಗೆ ಮರಳುತ್ತೇನೆ. 2023ರ ಏಕದಿನ ವಿಶ್ವಕಪ್ಪಿಗೆ ವೆಸ್ಟ್ ಇಂಡೀಸ್ ಅರ್ಹತೆಯನ್ನೇ ಪಡೆಯಲಿಲ್ಲ. ಮೊದಲೆರಡು ವಿಶ್ವಕಪ್ ಗೆದ್ದವರು ಇಲ್ಲದ ವಿಶ್ವಕಪ್ ಅದುವರೆಗೆ ನಡೆದಿರಲಿಲ್ಲ. ಮರುವರ್ಷದ ಜನವರಿಯಲ್ಲಿ, ಹೆಸರೇ ಕೇಳಿರದ ಹುಡುಗರನ್ನು ಕಟ್ಟಿಕೊಂಡು ಅವರು ಆಸ್ಟ್ರೇಲಿಯಾಕ್ಕೆ ಹೋದರು. ಬ್ರಿಸ್ಬೇನ್‌ನ ಗಾಬಾದಲ್ಲಿ ಎರಡನೆಯ ಟೆಸ್ಟ್. ಗಯಾನಾದ, ದೋಣಿಯಲ್ಲಿ ಹೋಗಿ ತಲುಪಬೇಕಾದ ಬರಾಕಾರ ಎಂಬ ಹಳ್ಳಿಯಿಂದ ಬಂದ, ಸ್ವಲ್ಪ ಕಾಲದ ಹಿಂದಷ್ಟೇ ಸೆಕ್ಯುರಿಟಿ ಗಾರ್ಡ್ ಆಗಿದ್ದ ಶಮಾರ್ ಜೋಸೆಫ್‌ನ ಕಾಲ್ಬೆರಳಿಗೆ ಸ್ಟಾರ್ಕ್‌ನ ಯಾರ್ಕರ್ ಬಡಿದು ಅವನು ಬ್ಯಾಟಿಂಗ್ ಬಿಟ್ಟು ಹೊರನಡೆದಿದ್ದ. ಮರುದಿನ ಅದೇ ಕಾಲಿನಲ್ಲಿ ಚೆಂಡು ಹಿಡಿದು ಬಂದು, ಒಂದೇ ತುದಿಯಿಂದ ಬಿಡದೆ ಬೌಲ್ ಮಾಡಿ, 68 ರನ್ನಿಗೆ ಏಳು ವಿಕೆಟ್ ಕಿತ್ತ. 216 ಬೇಕಿದ್ದ ಆಸ್ಟ್ರೇಲಿಯಾ 207ಕ್ಕೆ ಮುಗಿಯಿತು. ಹೇಜಲ್‌ವುಡ್‌ನ ಆಫ್ ಸ್ಟಂಪ್ ಹಾರಿದಾಗ ಎದುರು ತುದಿಯಲ್ಲಿ ಸ್ಟೀವ್ ಸ್ಮಿತ್ 91 ರನ್‌ಗಳೊಂದಿಗೆ ಔಟಾಗದೆ ನಿಂತಿದ್ದ. ಈ ಸಲ ಸಂಭ್ರಮಿಸುತ್ತಿದ್ದವರು ನನ್ನ ಕಡೆಯವರಾಗಿದ್ದರು, ಆದರೂ ನನ್ನ ಕಣ್ಣು ಒಂದು ಗಳಿಗೆ ಸ್ಮಿತ್‌ನ ಮೇಲೆ ಹೋಗಿ, 1996ರ ಆ ತುದಿಯನ್ನು ನೋಡಿ ಬಂತು. ವೀಕ್ಷಕವಿವರಣೆಯ ಕೋಣೆಯಲ್ಲಿ ಲಾರಾ ಅಳುತ್ತಿದ್ದ. ಆಸ್ಟ್ರೇಲಿಯಾದಲ್ಲಿ ಹಿಂದಿನ ಟೆಸ್ಟ್ ಗೆಲುವು ಬಂದದ್ದು 1997ರಲ್ಲಿ, ಅವನಿನ್ನೂ ಆಡುತ್ತಿದ್ದಾಗ. ಹಳೆಯ ನೋಟ್‌ಬುಕ್ ಹುಡುಕಿ ತೆಗೆದು, ನೀಲಿ ಪೆನ್ನಿನಲ್ಲಿ, ಹನ್ನೊಂದೂ ಹೆಸರುಗಳನ್ನು ನಿಧಾನವಾಗಿ ಬರೆದೆ. ಬಿಟ್ಟುಹೋಗಿದ್ದವನಿಗೆ ಆ ಪುಟದ ತೂಕ ಗೊತ್ತಿರುತ್ತಿರಲಿಲ್ಲ ಎಂಬ ಸಣ್ಣ ಗರ್ವವೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಆ ಗರ್ವ ಹದಿನೆಂಟು ತಿಂಗಳೂ ಬಾಳಲಿಲ್ಲ. 2025ರ ಜುಲೈ, ಮತ್ತೆ ಆಸ್ಟ್ರೇಲಿಯಾ, ಮತ್ತೆ ಸಬೀನಾ ಪಾರ್ಕ್, ಮೂವತ್ತು ವರ್ಷಗಳ ಹಿಂದೆ ಆಳ್ವಿಕೆ ಮುಗಿದ ಅದೇ ಮೈದಾನ. ಗೆಲ್ಲಲು 204 ಬೇಕಿತ್ತು. ತನ್ನ ನೂರನೆಯ ಟೆಸ್ಟ್ ಆಡುತ್ತಿದ್ದ ಸ್ಟಾರ್ಕ್ ಮೊದಲ ಓವರಿನಲ್ಲೇ ಮೂವರನ್ನು ಕಳಿಸಿದ, ಹದಿನೈದು ಎಸೆತಗಳಲ್ಲಿ ಐದು ವಿಕೆಟ್ ಪೂರೈಸಿದ, ಒಂಬತ್ತು ರನ್ ಕೊಟ್ಟು ಆರನ್ನು ಮುಗಿಸಿದ. ಬೋಲಂಡ್‌ನದ್ದೊಂದು ಹ್ಯಾಟ್ರಿಕ್. ಏಳು ಮಂದಿ ಸೊನ್ನೆಗೆ ಔಟ್. 1955ರಲ್ಲಿ ನ್ಯೂಜಿಲೆಂಡ್ ಗಳಿಸಿದ 26 ರನ್ನೇ ಟೆಸ್ಟ್ ಇತಿಹಾಸದ ಕನಿಷ್ಠ ಮೊತ್ತವಾಗಿ ಉಳಿದದ್ದು ಫೀಲ್ಡರೊಬ್ಬನ ಕೈಯಿಂದ ಜಾರಿದ ಚೆಂಡಿನಿಂದಾಗಿ. ಆ ಒಂದು ರನ್ ನಮಗೆ ಎದುರಾಳಿ ಕೊಟ್ಟ ಭಿಕ್ಷೆ.

ಬೆಳಗಿನ ಜಾವ ಎದ್ದವನೇ ಸ್ಕೋರು ನೋಡಿ, ಫೋನನ್ನು ಮಗುಚಿಟ್ಟು, ಮತ್ತೆ ಎತ್ತಿ ನೋಡಿದೆ. ನೋಟ್‌ಬುಕ್ಕಿನ ಹೊಸ ಪುಟ ತೆರೆದು ಕಪ್ಪು ಪೆನ್ನಿನಲ್ಲಿ ಬರೆಯತೊಡಗಿದೆ. ಅಷ್ಟು ಬೇಗ ಬರೆದು ಮುಗಿಸಿದ ಇನಿಂಗ್ಸ್ ಆ ಪುಸ್ತಕದಲ್ಲಿ ಇನ್ನೊಂದಿಲ್ಲ, ಸೊನ್ನೆಗಳನ್ನು ಬರೆಯಲು ಎಷ್ಟು ಹೊತ್ತು ಬೇಕು. ಇಪ್ಪತ್ತೈದು ವರ್ಷಗಳ ಹಿಂದೆ ನನ್ನನ್ನು ಕೆಣಕಿದ್ದ ಅದೇ ಸ್ನೇಹಿತರು ಅಷ್ಟರಲ್ಲಿ ಫೋನ್ ಮಾಡಿದರು. ಅವರ ದನಿಯಲ್ಲೇ ನಗು ತುಳುಕುತ್ತಿತ್ತು.

"ಏನ್ರೀ, ಎಷ್ಟಾಯ್ತು ನಿಮ್ಮ ವೆಸ್ಟ್ ಇಂಡೀಸಿನವರದ್ದು?"

"ಇಪ್ಪತ್ತೇಳಕ್ಕೆ ಔಟಾದೆವು" ಎಂದೆ.